ಗಡಂಗಿನ ಮನೆಯ ಚರಿತ್ರೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಮನೆತನದ ಚರಿತ್ರೆಯನ್ನು ಬರೆಯುವ ಬಗೆಯನ್ನು ಕುರಿತು ಈ ಅಂಕಣದಲ್ಲಿ ಹಿಂದೆ ಬರೆದಾಗ ಬೀಡು, ಗುತ್ತು, ತರವಾಡು ಎಂಬ ದೊಡ್ಡ ಮನೆತನಗಳ ಬಗ್ಗೆಯೇ ಪ್ರಶ್ನೆಗಳು ಬಂದಿದ್ದವು. ಈ ಸಲ ಕಾಸರಗೋಡಿನ ಕಡೆಯ ಓದುಗರು ಗಡಂಗನ್ನೂ, ಅಂದರೆ ಕಳ್ಳಿನ ಅಂಗಡಿಯನ್ನೂ, ಅದನ್ನು ನಡೆಸಿದ ಮನೆಯವರನ್ನೂ ಕುರಿತು ಕೇಳಿದ್ದಾರೆ. ಬಹುಕಾಲದಿಂದ ಯಾರಾದರೂ ಕೇಳಲಿ ಎಂದು ನಾನು ಕಾದಿದ್ದ ವಿಷಯವಿದು. ಆದ್ದರಿಂದ ಇಡೀ ಅಂಕಣವನ್ನು ಇದಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನನ್ನ ತಾಯಿಯ ತವರು ಬದಿಯಡ್ಕದ ಸಮೀಪದ ಒಂದು ಹಳ್ಳಿ. ಆ ಮನೆಯನ್ನು ಊರಿನವರು ಇಂದಿಗೂ 'ಗಡಂಗಿನ ಮನೆ' ಎಂದು ಕರೆಯುತ್ತಾರೆ. ಮನೆಯೊಳಗೆ ಮಾತ್ರ ಯಾರೂ ಆ ಹೆಸರನ್ನು ಎತ್ತುವುದಿಲ್ಲ. ಅಜ್ಜನ ಸೋದರಮಾವ ಅಲ್ಲಿ ಕಳ್ಳಿನ ಅಂಗಡಿ ನಡೆಸುತ್ತಿದ್ದರಂತೆ. ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಕೆಲವು ಕಾಗದಗಳು ಸಿಕ್ಕಿವೆ. ಒಂದರಲ್ಲಿ ಬರೀ ಮರಗಳ ನಂಬ್ರಗಳಿವೆ, ಇನ್ನೊಂದರಲ್ಲಿ ಅಂಗಡಿಯ ಏಲಂ ನಮಗೆ ಸಂಬಂಧವೇ ಇಲ್ಲದ ಯಾರದೋ ಹೆಸರಿನಲ್ಲಿ ಆಗಿದೆ. 1948ರಿಂದ ಮುಂದಕ್ಕೆ ಸುಮಾರು ಇಪ್ಪತ್ತು ವರ್ಷ ಒಂದು ಚೀಟಿಯೂ ಇಲ್ಲ. ಅಂಗಡಿ ನಿಜವಾಗಿ ನಮ್ಮದಾಗಿತ್ತೇ? ಇದನ್ನು ಬರೆಯಬೇಕೆಂದಿದ್ದೇನೆ, ಎಲ್ಲಿಂದ ತೊಡಗಲಿ? — ಬೆಂಗಳೂರಿನಲ್ಲಿರುವ ಓದುಗರೊಬ್ಬರು

ಉತ್ತರ: 'ನಮ್ಮದು' ಎಂಬ ಮಾತನ್ನು ಮೊದಲು ಬಿಡಿಸಿಕೊಳ್ಳೋಣ. ಜಮೀನು ನಮ್ಮದು ಎಂದು ಹೇಳುವ ಅರ್ಥದಲ್ಲಿ ಗಡಂಗು ಯಾರದೂ ಆಗಿರಲಿಲ್ಲ. 1886ರ ಮದ್ರಾಸು ಅಬ್ಕಾರಿ ಕಾನೂನಿನಂತೆ ಕಳ್ಳು ಮತ್ತು ಸಾರಾಯಿಯನ್ನು ಮಾರುವ ಹಕ್ಕು ಸರಕಾರದ್ದು. ಅದನ್ನು ಸರಕಾರ ಅವಧಿ ಕಟ್ಟಿ ಏಲಂ ಮಾಡಿ ಕೊಡುತ್ತಿತ್ತು. ಕೈಯಲ್ಲಿ ಹಣವಿದ್ದ ಗುತ್ತಿಗೆದಾರನೊಬ್ಬ ಒಂದೇ ಸಲಕ್ಕೆ ಹಲವು ಅಂಗಡಿಗಳನ್ನು ಹಿಡಿದು, ಒಂದೊಂದು ಊರಿನಲ್ಲಿ ಅಲ್ಲಿಯವರನ್ನೇ ಕೂರಿಸಿ ವ್ಯಾಪಾರ ನಡೆಸುವುದು ಸಾಮಾನ್ಯವಾಗಿತ್ತು. ಆದ್ದರಿಂದ ಏಲಮಿನ ಕಾಗದದಲ್ಲಿ ಪರರ ಹೆಸರಿದೆ ಎಂಬ ಮಾತ್ರಕ್ಕೆ ಅಂಗಡಿಯನ್ನು ನಿಮ್ಮ ಮನೆಯವರು ನಡೆಸಿರಲಿಲ್ಲ ಎಂದು ತೀರ್ಮಾನಿಸಬೇಡಿ. ಹೆಸರು ಗುತ್ತಿಗೆದಾರನದು, ಹಲಗೆಯ ಮೇಲೆ ಕುಳಿತು ಕುಡ್ತೆಯಲ್ಲಿ ಅಳೆದು ಕೊಟ್ಟವರು ನಿಮ್ಮ ಹಿರಿಯರು ಎಂಬ ಸಾಧ್ಯತೆಯೇ ಹೆಚ್ಚು. ಊರು ನೆನಪಿಟ್ಟುಕೊಂಡದ್ದು ಗುತ್ತಿಗೆದಾರನನ್ನಲ್ಲ ಎಂಬುದಕ್ಕೆ ಆ ಮನೆಗೆ ಉಳಿದಿರುವ ಹೆಸರೇ ಸಾಕ್ಷಿ.

ಒಂದು ಗಡಂಗಿನ ಹಿಂದೆ ಮೂರು ಬೇರೆ ಬೇರೆ ಹಕ್ಕುಗಳಿದ್ದವು, ಅವನ್ನು ಕಲಸಿಬಿಟ್ಟರೆ ಚರಿತ್ರೆ ಕೆಡುತ್ತದೆ. ಮರ ಜಮೀನಿನ ಒಡೆಯನದ್ದು ಅಥವಾ ಅದನ್ನು ಖಾಯಂ ಗೇಣಿಗೆ ಪಡೆದ ಮೂಲಗೇಣಿಯವನದ್ದು. ಆ ಮರವನ್ನು ಕಳ್ಳಿಗೆ ಕಟ್ಟುವ ಕೆಲಸ, ನಮ್ಮ ಕಡೆ ಮೂರ್ತೆ ಎನ್ನುವುದು, ಆ ಕಸುಬಿನವನದ್ದು. ಮಾರುವ ಹಕ್ಕು ಏಲಂ ಹಿಡಿದವನದ್ದು. ಮೂರ್ತೆ ಮಾಡುವವನು ಮರದ ಒಡೆಯನಿಗೆ ಬಾಡಿಗೆ ಕೊಡಬೇಕಿತ್ತು. ಸರಕಾರಕ್ಕೆ ಪ್ರತಿ ಮರದ ಮೇಲೆ ಮರತೆರಿಗೆ ಬೇರೆ ಸಲ್ಲಬೇಕಿತ್ತು. ತೆರಿಗೆ ಸಂದ ಮರಕ್ಕೆ ನಂಬ್ರ ಹಾಕುತ್ತಿದ್ದರು. ನಿಮಗೆ ಸಿಕ್ಕಿರುವ ನಂಬ್ರಗಳ ಪಟ್ಟಿ ಬಹುಶಃ ಅದೇ. ಅದರ ಬದಿಯಲ್ಲಿ ಸರ್ವೆ ನಂಬ್ರಗಳೂ ಇವೆಯೇ ಎಂದು ಬೆಳಕಿಗೆ ಹಿಡಿದು ನೋಡಿ. ಇದ್ದರೆ ಆ ತೋಟಗಳು ಯಾವುವು, ಒಡೆಯರು ಯಾರು, ನಿಮ್ಮ ಹಿರಿಯರು ದಿನಕ್ಕೆ ಎಷ್ಟು ದೂರ ನಡೆದು ಎಷ್ಟು ಮರ ಹತ್ತುತ್ತಿದ್ದರು ಎಂಬುದೆಲ್ಲ ಅಲ್ಲಿಂದಲೇ ಹೊರಡುತ್ತದೆ. ನನ್ನನ್ನು ಕೇಳಿದರೆ ಏಲಮಿನ ಕಾಗದಕ್ಕಿಂತ ಆ ಮರಗಳ ಪಟ್ಟಿಯೇ ಬೆಲೆಯುಳ್ಳದ್ದು.

ಇನ್ನು ಹೆಸರುಗಳ ಗೊಂದಲ. ಅಜ್ಜನ ಸೋದರಮಾವ ಅಂಗಡಿ ನಡೆಸುತ್ತಿದ್ದರು ಎಂದು ನೀವೇ ಬರೆದಿದ್ದೀರಿ. ಬೀಗದ ಕೈ ಆ ಮಾತಿನಲ್ಲೇ ಇದೆ. ತುಳುನಾಡಿನಲ್ಲಿ ಕಳ್ಳಿನ ಕಸುಬು ಹೆಚ್ಚಾಗಿ ಬಿಲ್ಲವರದು, ಅವರಲ್ಲಿ ಅಳಿಯಸಂತಾನ ಕಟ್ಟು ನಡೆಯುತ್ತಿದ್ದುದರಿಂದ ಮನೆ ಮತ್ತು ಕಸುಬು ತಂದೆಯಿಂದ ಮಗನಿಗೆ ಬರುತ್ತಿರಲಿಲ್ಲ, ಮಾವನಿಂದ ಅಳಿಯನಿಗೆ ಬರುತ್ತಿತ್ತು. ತಂದೆಯ ಹೆಸರನ್ನು ಹಿಡಿದು ಕಾಗದಗಳನ್ನು ಜೋಡಿಸಹೊರಟರೆ ಪ್ರತಿ ತಲೆಮಾರಿನಲ್ಲೂ ಗಡಂಗು ಬೇರೊಂದು ಕುಟುಂಬಕ್ಕೆ ಹೋದಂತೆ ಕಾಣುತ್ತದೆ. ತಾಯಿಯ ಬಳಿಯನ್ನು, ತುಳುವಿನಲ್ಲಿ ಬರಿ ಎನ್ನುವುದನ್ನು ಹಿಡಿದು ಜೋಡಿಸಿ, ಅದೇ ಮನೆ ಎಂದು ತಿಳಿಯುತ್ತದೆ. 1949ರ ಮದ್ರಾಸು ಅಳಿಯಸಂತಾನ ಕಾನೂನು ಪಾಲಿಗೆ ದಾರಿ ಮಾಡಿತು. ಕೇರಳದಲ್ಲಿ 1975ರ ಕಾನೂನು ಅವಿಭಕ್ತ ಕುಟುಂಬದ ಪದ್ಧತಿಯನ್ನೇ ತೆಗೆದುಹಾಕಿತು. ಪಾಲುಪಟ್ಟಿಯ ಪತ್ರ ನಿಮ್ಮ ಮನೆಯಲ್ಲಿ ಇದ್ದರೆ ಅಂಗಡಿ ಇದ್ದ ಜಾಗವನ್ನು ಅದರಲ್ಲಿ ಹೇಗೆ ವಿವರಿಸಿದ್ದಾರೆಂದು ಗಮನಿಸಿ. 'ಗಡಂಗಿನ ಬಳಿಯ ಪರಂಬು', 'ಗಡಂಗು ಇದ್ದ ಹಿತ್ತಿಲು' ಎಂಬಂಥ ಎಲ್ಲೆಯ ಮಾತುಗಳು ಇಂಥ ಪತ್ರಗಳಲ್ಲಿ ಉಳಿದುಕೊಳ್ಳುತ್ತವೆ. ಬಾಯಲ್ಲಿ ಹೇಳಲು ನಾಚಿದ ಹೆಸರನ್ನು ಪತ್ರ ಬರೆಯುವವರು ಎಲ್ಲೆ ಗುರುತಿಸುವುದಕ್ಕಾಗಿ ಬರೆದುಬಿಟ್ಟಿರುತ್ತಾರೆ.

1948ರ ಬಳಿಕದ ಮೌನಕ್ಕೆ ಕಾರಣ ಪಾನನಿರೋಧ. ರಾಜಾಜಿಯವರ ಸರಕಾರ ಪಾನನಿರೋಧದ ಕಾನೂನನ್ನು 1937ರ ಅಕ್ಟೋಬರ್ 1ರಂದು ಸೇಲಂ ಜಿಲ್ಲೆಯಲ್ಲಿ ಮೊದಲು ಜಾರಿಗೆ ತಂದಿತು. ಯುದ್ಧದ ವರ್ಷಗಳಲ್ಲಿ ತಡೆದು ನಿಂತ ಆ ಕಾರ್ಯಕ್ರಮ ಸ್ವಾತಂತ್ರ್ಯದ ಹೊತ್ತಿಗೆ ಮತ್ತೆ ಚುರುಕಾಗಿ, 1948ರ ಅಕ್ಟೋಬರ್ ವೇಳೆಗೆ ಮದ್ರಾಸು ಪ್ರಾಂತದ ಎಲ್ಲ ಜಿಲ್ಲೆಗಳಿಗೂ ಹರಡಿತು. ಆಗ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. 1956ರ ನವೆಂಬರ್ 1ರಂದು ತಾಲೂಕು ಕೇರಳಕ್ಕೆ ಸೇರಿದ ಮೇಲೂ ಈ ಭಾಗದಲ್ಲಿ ಮದ್ರಾಸಿನ ಕಾನೂನೇ ಮುಂದುವರಿಯಿತು. ಕೇರಳ ಸರಕಾರ ಪಾನನಿರೋಧವನ್ನು ತೆಗೆದು, ಹಳೆಯ ಕೊಚ್ಚಿಯ ಅಬ್ಕಾರಿ ಕಾನೂನನ್ನು ರಾಜ್ಯಕ್ಕೆಲ್ಲ ವಿಸ್ತರಿಸಿದ್ದು 1967ರಲ್ಲಿ. ನಿಮ್ಮ ಪೆಟ್ಟಿಗೆಯಲ್ಲಿ ಕಾಗದವಿಲ್ಲದ ಸುಮಾರು ಇಪ್ಪತ್ತು ವರ್ಷಗಳು ಇವೇ.

ಆ ಇಪ್ಪತ್ತು ವರ್ಷಗಳನ್ನು ಖಾಲಿ ಬಿಡಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಮರ ಹತ್ತುವುದನ್ನು ಬಿಟ್ಟು ಬೇರೆ ಕೆಲಸ ಕಲಿಯದವರ ಮನೆಯಲ್ಲಿ ಒಂದು ಬೆಳಿಗ್ಗೆ ಕಸುಬೇ ಅಪರಾಧವಾದಾಗ ಏನಾಯಿತು? ಬೆಲ್ಲಕ್ಕೆಂದು ಸಿಹಿಕಳ್ಳು ಇಳಿಸುವುದಕ್ಕೆ ಪರವಾನಗಿ ಸಿಗುತ್ತಿತ್ತು. ಮಡಕೆಯ ಒಳಗೆ ಸುಣ್ಣ ಬಳಿದರೆ ರಸ ಹುಳಿಯುವುದಿಲ್ಲ. ಕೆಲವರು ಹಾಗೆ ಬದುಕಿದರು. ಕೆಲವರು ಬೀಡಿ ಕಟ್ಟಿದರು, ಮಂಗಳೂರಿನ ಹಂಚಿನ ಕಾರ್ಖಾನೆಗಳಿಗೆ ಹೋದರು, ಮುಂಬೈಯ ಹೋಟೆಲುಗಳಲ್ಲಿ ತಟ್ಟೆ ತೊಳೆದರು. ಇನ್ನು ಕೆಲವರು ಗುಡ್ಡದ ಮರೆಯಲ್ಲಿ ಕದ್ದು ಇಳಿಸಿ, ಸಿಕ್ಕಿಬಿದ್ದು, ದಂಡ ತೆತ್ತು, ಜೈಲಿಗೂ ಹೋದರು. ಮನೆಯವರು ಗಡಂಗಿನ ಮಾತೆತ್ತದೆ ಇರುವುದಕ್ಕೆ ಈ ಕೊನೆಯದ್ದು ಕಾರಣವಾಗಿರಬಹುದು. ನಿಮ್ಮ ಹಿರಿಯರೊಬ್ಬರು ಪೊಲೀಸರ ಹಿಂದೆ ನಡೆದುಹೋದದ್ದನ್ನು ಕಂಡ ಮಗು ಇಂದು ಎಂಬತ್ತು ದಾಟಿದ ಅಜ್ಜಿಯಾಗಿ ಆ ಮನೆಯಲ್ಲೇ ಇರಬಹುದು. ಅವರನ್ನು ಗಡಂಗಿನ ಬಗ್ಗೆ ನೇರವಾಗಿ ಕೇಳಬೇಡಿ. ಆ ವರ್ಷಗಳಲ್ಲಿ ಮನೆಗೆ ಅಕ್ಕಿ ಎಲ್ಲಿಂದ ಬರುತ್ತಿತ್ತು ಎಂದು ಕೇಳಿ. ಉಳಿದದ್ದನ್ನು ಅವರೇ ಹೇಳುತ್ತಾರೆ.

ಕಾಗದ ಹುಡುಕುವ ದಾರಿಯನ್ನೂ ಹೇಳಿಬಿಡುತ್ತೇನೆ. ಹಳೆಯ ಜಿಲ್ಲಾ ಗೆಜೆಟ್‌ಗಳಲ್ಲಿ ಏಲಮಿನ ಪ್ರಕಟಣೆಗಳನ್ನು ನೋಡಿ. ಜಿಲ್ಲೆಯ ಕೇಂದ್ರ ಮಂಗಳೂರು, ಪ್ರಾಂತದ ಕೇಂದ್ರ ಮದ್ರಾಸು ಆಗಿದ್ದುದರಿಂದ 1956ಕ್ಕೆ ಹಿಂದಿನ ಮೇಲ್ಮಟ್ಟದ ದಾಖಲೆಗಳಿಗೆ ಮಂಗಳೂರಿಗೂ ಚೆನ್ನೈಯ ಎಗ್ಮೋರಿನಲ್ಲಿರುವ ಪತ್ರಾಗಾರಕ್ಕೂ ಹೋಗಬೇಕು. ಆಮೇಲಿನವುಗಳಿಗೆ ಕಣ್ಣೂರು, 1984ರಲ್ಲಿ ಕಾಸರಗೋಡು ಬೇರೆ ಜಿಲ್ಲೆಯಾದ ಮೇಲಿನವುಗಳಿಗೆ ಕಾಸರಗೋಡು. ಸ್ಥಳೀಯ ಸಬ್‌ರಿಜಿಸ್ಟ್ರಾರ್ ಕಚೇರಿಯ ಹಳೆಯ ಪತ್ರಗಳು ಕನ್ನಡದಲ್ಲೇ ಇವೆ. ಹೊಸ ತಲೆಮಾರಿನ ಗುಮಾಸ್ತರಿಗೆ ಅವನ್ನು ಓದಲು ಕಷ್ಟ. ಕನ್ನಡ ಓದುವ ನಿಮ್ಮಂಥವರು ಈಗಲೇ ಹೋಗಿ ನಕಲು ತೆಗೆದುಕೊಳ್ಳಬೇಕು ಎಂಬುದಕ್ಕೆ ಅದೊಂದೇ ಕಾರಣ ಸಾಕು.

ಪ್ರಶ್ನೆ: 'ಗಡಂಗು' ಎಂಬ ಪದ ಎಲ್ಲಿಂದ ಬಂತು? ಮೈಸೂರಿನ ನನ್ನ ಸಹೋದ್ಯೋಗಿಗಳಿಗೆ ಈ ಪದವೇ ಗೊತ್ತಿಲ್ಲ, ಅವರು ಶೇಂದಿ ಅಂಗಡಿ ಎನ್ನುತ್ತಾರೆ. — ಕುಂಬಳೆಯ ಓದುಗರು

ಉತ್ತರ: ತಮಿಳಿನ ಕಿಡಂಗು, ತೆಲುಗಿನ ಗಿಡ್ಡಂಗಿ ಎರಡೂ ಉಗ್ರಾಣ ಎಂಬ ಅರ್ಥದ ಪದಗಳು. ಕರಾವಳಿಯ ಗಡಂಗು ಆ ಬಳಗಕ್ಕೆ ಸೇರಿದ್ದು ಎಂದು ತಿಳಿಯುವುದು ಸಹಜ. ಸರಕು ಕೂಡಿಡುವ ಜಾಗವೇ ಮಾರುವ ಜಾಗವಾಗಿ, ಕೊನೆಗೆ ಒಂದೇ ಸರಕಿಗೆ ಆ ಹೆಸರು ನಿಂತಿತು. ಮೈಸೂರು ಕಡೆಯ ಶೇಂದಿ ಹೆಚ್ಚಾಗಿ ಈಚಲ ಮರದ್ದು. ನಮ್ಮಲ್ಲಿ ತೆಂಗು, ತಾಳೆ, ಘಟ್ಟದ ಬುಡಕ್ಕೆ ಹೋದರೆ ಬೈನೆ. ತುಳುವಿನಲ್ಲಿ ಕಳ್ಳಿಗೆ ಕಲಿ ಎನ್ನುತ್ತಾರೆ. ಈಗ ನಮ್ಮ ರಸ್ತೆಯ ಬದಿಯಲ್ಲಿ ಮಲಯಾಳದಲ್ಲಿ 'ಕಳ್ಳ್' ಎಂದು ಬರೆದ ಫಲಕವಿರುತ್ತದೆ, ಎಲ್ಲರ ಬಾಯಲ್ಲೂ ಅದು 'ಶಾಪು'. ಒಂದೇ ಅಂಗಡಿಯನ್ನು ಅಜ್ಜ ಗಡಂಗು ಎಂದರೆ, ಮೊಮ್ಮಗ ಶಾಪು ಎನ್ನುತ್ತಾನೆ.

ಪ್ರಶ್ನೆ: ಕುಡಿತದ ಅಂಗಡಿಗೂ ಒಂದು ಚರಿತ್ರೆಯೇ? ನನ್ನ ಅಜ್ಜಿ ಸಂಜೆಯ ಕೂಲಿಗೆ ಕಾದು ಕುಳಿತಿರುವಾಗ ಆ ಕೂಲಿ ಗಡಂಗಿನಲ್ಲೇ ಮುಗಿದುಹೋಗುತ್ತಿತ್ತು ಎಂದು ನನ್ನ ಅಮ್ಮ ಹೇಳುತ್ತಿದ್ದರು. ಗಡಂಗು ನಡೆಸಿದವರನ್ನು ಹೊಗಳಿ ಬರೆಯುವುದನ್ನು ನಾನು ಒಪ್ಪಲಾರೆ. — ಪೆರ್ಲದ ಓದುಗರು

ಉತ್ತರ: ನಿಮ್ಮ ಅಜ್ಜಿ ಕಾದ ಸಂಜೆ ಗಡಂಗಿನ ಚರಿತ್ರೆಯಿಂದ ಹೊರಗಿನದಲ್ಲ, ಅದರ ನಡುಮಧ್ಯದಲ್ಲಿದೆ. ಅದನ್ನು ಬಿಟ್ಟು ಬರೆದದ್ದು ಸುಳ್ಳಾಗುತ್ತದೆ. ಆ ಮಾತಿನಲ್ಲಿ ನಾನು ನಿಮ್ಮ ಜೊತೆಗಿದ್ದೇನೆ. ಹೊಗಳಬೇಕೆಂದು ನಾನು ಯಾರಿಗೂ ಹೇಳುವುದಿಲ್ಲ.

ಆದರೆ ಈ ಆಕ್ಷೇಪ ಹೊಸದಲ್ಲ, ಕಸುಬಿನವರೊಳಗಿಂದಲೇ ಬಹಳ ಹಿಂದೆ ಬಂದದ್ದು ಎಂಬುದನ್ನು ಗಮನಿಸಬೇಕು. 1894ರ ದಕ್ಷಿಣ ಕನ್ನಡ ಜಿಲ್ಲಾ ಕೈಪಿಡಿಯಲ್ಲಿ ಸ್ಟರಕ್ ಎಂಬ ಅಧಿಕಾರಿ ಬಿಲ್ಲವರನ್ನು ಈ ಜಿಲ್ಲೆಯ ಕಳ್ಳು ಇಳಿಸುವ ಜಾತಿಯವರು ಎಂದೇ ಗುರುತಿಸಿದ. ಅವರಲ್ಲಿ ಬಹಳ ಮಂದಿ ಬೇಸಾಯಗಾರರಾಗಿದ್ದರೂ ಆ ಗುರುತು ಅಂಟಿಕೊಂಡಿತು. ಚಂದ್ರಗಿರಿ ಹೊಳೆಯ ದಕ್ಷಿಣಕ್ಕೆ ಮಲಯಾಳ ಮಾತಿನ ತೀಯರಿಗೂ ಅದೇ ಗುರುತು. ಸರಕಾರಕ್ಕೆ ಈ ಕಸುಬಿನ ತೆರಿಗೆ ಬೇಕಾಗಿತ್ತು, ಊರಿಗೆ ಈ ಕಸುಬಿನ ಕಳ್ಳು ಬೇಕಾಗಿತ್ತು, ದೈವಕ್ಕೂ ಬೇಕಾಗಿತ್ತು. ಮುತ್ತಪ್ಪನಿಗೆ ಇಂದಿಗೂ ಕಳ್ಳು ಮತ್ತು ಮೀನಿನ ನೈವೇದ್ಯವಾಗುತ್ತದೆ. ಕಸುಬಿನವನು ಮಾತ್ರ ದೇವಸ್ಥಾನದ ಹೊರಗೆ ನಿಲ್ಲಬೇಕಿತ್ತು. ಈ ಅವಮಾನವನ್ನು ಕಂಡೇ ನಾರಾಯಣ ಗುರುಗಳು ಮದ್ಯ ವಿಷ, ಅದನ್ನು ಮಾಡಬಾರದು, ಕೊಡಬಾರದು, ಕುಡಿಯಬಾರದು ಎಂದು ತಮ್ಮವರಿಗೇ ಹೇಳಿದರು. 1912ರಲ್ಲಿ ಮಂಗಳೂರಿನ ಕುದ್ರೋಳಿಯಲ್ಲಿ ಅವರು ಗೋಕರ್ಣನಾಥನ ಪ್ರತಿಷ್ಠೆ ಮಾಡಿದ ಮೇಲೆ ಆ ಮಾತು ನಮ್ಮ ಮನೆಗಳ ಜಗಲಿಯವರೆಗೂ ಬಂತು. ಗೋಡೆಯ ಮೇಲೆ ಗುರುಗಳ ಪಟ, ಹಿತ್ತಿಲಿನಲ್ಲಿ ಕಳ್ಳಿನ ಮಡಕೆ, ಎರಡನ್ನೂ ಒಂದೇ ಮಾಡಿನ ಕೆಳಗೆ ಇಟ್ಟುಕೊಂಡು ಬದುಕಿದ ಮನೆಯವರ ಸಂಕಟವನ್ನು ಯಾರು ಬರೆದಿದ್ದಾರೆ? ಮಕ್ಕಳನ್ನು ಶಾಲೆಗೆ ಕಳುಹಿಸುವ ಹಣ ಅದೇ ಮಡಕೆಯಿಂದ ಬರುತ್ತಿತ್ತು, ಆ ಮಕ್ಕಳು ಓದಿ ಕಸುಬನ್ನು ಬಿಟ್ಟರು, ಬಿಟ್ಟ ಮೇಲೆ ಅದರ ಹೆಸರೆತ್ತಲು ನಾಚಿದರು. ಇದನ್ನು ಬರೆಯದೆ ಹೋದರೆ ನಮ್ಮ ಊರುಗಳ ಕಳೆದ ನೂರು ವರ್ಷಗಳು ಅರ್ಥವಾಗುವುದಿಲ್ಲ.

ಇನ್ನೊಂದು ಮಾತು. ನಿಮ್ಮ ಅಜ್ಜಿಯ ಹಾಗೆಯೇ ಗಡಂಗಿನ ಮನೆಯ ಹೆಂಗಸರ ಹೆಸರೂ ಯಾವ ಕಾಗದದಲ್ಲಿಲ್ಲ. ಮಡಕೆ ತೊಳೆದು ಬಿಸಿಲಿಗೆ ಹಾಕಿದವರು, ಮಸಾಲೆ ಅರೆದು ಬೂತಾಯಿ ಮೀನಿನ ಪುಳಿಮುಂಚಿ ಮಾಡಿ ಮಣ್ಣಿನ ಗಡಿಗೆಯಲ್ಲಿ ಅಂಗಡಿಗೆ ಕಳುಹಿಸಿದವರು, ಸಾಲದ ಲೆಕ್ಕವನ್ನು ಬರೆಯಲು ಬಾರದಿದ್ದರೂ ಮನಸ್ಸಿನಲ್ಲಿಟ್ಟುಕೊಂಡವರು ಅವರು. ಯಾರ ಮನೆಯ ಕೂಲಿ ತಮ್ಮ ಅಂಗಡಿಯಲ್ಲಿ ಮುಗಿಯಿತು ಎಂದು ಅವರಿಗೆ ಗೊತ್ತಿತ್ತು. ಸಂಜೆ ಹೊತ್ತು ಅಂಥ ಮನೆಗೆ ಹಿತ್ತಿಲ ದಾರಿಯಾಗಿ ಒಂದು ಸೇರು ಅಕ್ಕಿ ಕಳುಹಿಸಿದ ಒಬ್ಬಾಕೆಯ ಮಾತನ್ನು, ಅಕ್ಕಿ ಪಡೆದ ಮನೆಯವರೇ ನನಗೆ ಹೇಳಿದ್ದಾರೆ. ಅದರಿಂದ ಗಡಂಗಿನ ತಪ್ಪು ತೊಳೆದುಹೋಯಿತು ಎಂದು ನಾನು ಹೇಳುತ್ತಿಲ್ಲ. ಆಕೆಯೂ ನಿಮ್ಮ ಅಜ್ಜಿಯೂ ಒಂದೇ ಪುಟದಲ್ಲಿ ಬರಬೇಕು ಎನ್ನುತ್ತಿದ್ದೇನೆ. ದಯವಿಟ್ಟು ನಿಮ್ಮ ಅಮ್ಮನಿಂದ ಕೇಳಿದ್ದನ್ನು ನೀವೇ ಬರೆದಿಡಿ.

ಪ್ರಶ್ನೆ: ಕಳ್ಳನ್ನು ಹೇಗೆ ಇಳಿಸುತ್ತಿದ್ದರು? ಈಗ ಮಾರುವ ನೀರಾ, ಕಲ್ಪರಸ ಎಂಬವು ಕಳ್ಳೇ ಅಲ್ಲವೇ? ಹಳೆಯ ಗಡಂಗು ನೋಡಲು ಹೇಗಿತ್ತು? — ಉಪ್ಪಳದ ಕಾಲೇಜು ವಿದ್ಯಾರ್ಥಿ

ಉತ್ತರ: ಅರಳದ ಹೊಂಬಾಳೆಯಲ್ಲಿ ಇದರ ಗುಟ್ಟಿದೆ. ಅದು ಒಡೆದು ಹೂ ಬಿಡುವ ಮೊದಲೇ ಸುತ್ತ ಬಿಗಿದು ಕಟ್ಟಿ, ದಿನವೂ ಎಲುಬಿನ ತುಂಡಿನಿಂದ ಹದವಾಗಿ ಬಡಿದು, ತುದಿಯನ್ನು ಹಾಳೆಯಷ್ಟು ತೆಳ್ಳಗೆ ಕೆತ್ತುತ್ತಾರೆ. ಒಂದೆರಡು ವಾರ ಹೀಗೆ ಪಳಗಿಸಿದ ಮೇಲೆ ರಸ ತೊಟ್ಟಿಕ್ಕತೊಡಗುತ್ತದೆ. ಪೆಟ್ಟು ಹೆಚ್ಚಾದರೆ ಹೊಂಬಾಳೆ ಕೊಳೆಯುತ್ತದೆ, ಕಡಿಮೆಯಾದರೆ ರಸ ಬಾರದು. ಆ ಹದ ಕೈಯಿಂದ ಕೈಗೆ ಮಾತ್ರ ಬರುತ್ತದೆ. ಬೆಳಿಗ್ಗೆ ಸಂಜೆ ಎರಡೂ ಹೊತ್ತು ಹತ್ತಬೇಕು. ಒಂದು ದಿನ ತಪ್ಪಿದರೂ ಕೆತ್ತಿದ ಬಾಯಿ ಒಣಗಿಹೋಗುತ್ತದೆ. ಜ್ವರ ಬರಲಿ, ಮನೆಯಲ್ಲಿ ಸಾವಾಗಲಿ, ಮರ ಕಾಯುವುದಿಲ್ಲ.

ನಾನು ಎಂಟು ವರ್ಷದ ಹುಡುಗನಾಗಿದ್ದಾಗ ನಮ್ಮ ತೋಟದ ಪಕ್ಕದಲ್ಲಿ ಒಬ್ಬರು ಮೂರ್ತೆ ಮಾಡುತ್ತಿದ್ದರು. ನಾವು ಮಕ್ಕಳು ಅವರನ್ನು ಬೈದ್ಯರು ಎನ್ನುತ್ತಿದ್ದೆವು. ಬೆಳಿಗ್ಗೆ ಮಂಜು ಹರಿಯುವ ಮುಂಚೆ ಮರದ ತುದಿಯಿಂದ ಟಕ್ ಟಕ್ ಎಂದು ಎಲುಬಿನ ಸದ್ದು ಕೇಳುತ್ತಿತ್ತು. ತಲೆಗೆ ಹಾಳೆಯ ಮುಟ್ಟಾಳೆ, ಕಾಲಿಗೆ ಹಗ್ಗದ ತಳೆ, ಸೊಂಟದ ಹಿಂದೆ ಅಗಲ ಬಾಯಿಯ ಕತ್ತಿ, ಅದರ ಪಕ್ಕ ನೇತಾಡುವ ಸೋರೆಬುರುಡೆ. ಇಳಿದು ಬಂದವರೇ ಬುರುಡೆಯನ್ನು ಓರೆ ಮಾಡಿ, ನೊರೆಯ ಮೇಲೆ ತೇಲುವ ಜೇನುನೊಣಗಳನ್ನು ಬಟ್ಟೆಯಲ್ಲಿ ಸೋಸಿ, ಗೆರಟೆಯಲ್ಲಿ ಒಂದು ಗುಟುಕು ನನಗೆ ಕೊಟ್ಟಿದ್ದರು. ಆಗಷ್ಟೇ ಇಳಿಸಿದ್ದು ಎಳನೀರಿಗಿಂತ ಸಿಹಿಯಾಗಿ, ಕೊನೆಯಲ್ಲಿ ನಾಲಗೆಗೆ ಸಣ್ಣಗೆ ಚುಚ್ಚುವಂತಿತ್ತು. ಅವರ ಪಾದದ ಒಳಬದಿ ಮರದ ತೊಗಟೆಯ ಹಾಗೆಯೇ ಗಟ್ಟಿಯಾಗಿ ಸೀಳಿತ್ತು. ಎದೆಯ ಮೇಲೆ ಮರ ಉಜ್ಜಿದ ಕಲೆ ಕಪ್ಪಗೆ ನಿಂತಿತ್ತು. ಗಡಂಗು ನಡೆಸಿದ ಮನೆಯವರ ಮಾತು ಬಂದಾಗಲೆಲ್ಲ ನನಗೆ ಮೊದಲು ಆ ಪಾದ ನೆನಪಿಗೆ ಬರುತ್ತದೆ.

ನೀರಾ ಮತ್ತು ಕಳ್ಳಿನ ನಡುವಿನ ವ್ಯತ್ಯಾಸ ಕೆಲವು ಗಂಟೆಗಳದು. ರಸದಲ್ಲಿ ನೂರಕ್ಕೆ ಹನ್ನೆರಡರಿಂದ ಹದಿನೈದರಷ್ಟು ಸಕ್ಕರೆ ಇರುತ್ತದೆ. ಗಾಳಿಯಲ್ಲಿ, ಮಡಕೆಯಲ್ಲಿ ಇರುವ ಯೀಸ್ಟ್ ತಾನಾಗಿಯೇ ಸೇರಿ ಸಕ್ಕರೆಯನ್ನು ಮದ್ಯಸಾರವಾಗಿ ಮಾಡುತ್ತದೆ. ಬಿಸಿಲೇರಿದಂತೆ ಅಮಲೂ ಏರುತ್ತದೆ. ಮರುದಿನಕ್ಕೆ ಹುಳಿ ಹೆಚ್ಚಿ ವಿನೆಗರ್ ಆಗತೊಡಗುತ್ತದೆ. ಹುಳಿಯದಂತೆ ತಡೆದರೆ ನೀರಾ. 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಆರಂಭವಾದ ನಮ್ಮ ಕಾಸರಗೋಡಿನ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆಯವರು ರಸವನ್ನು ಮರದ ಮೇಲೆಯೇ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಹಿಡಿಯುವ ಬಗೆಯನ್ನು ರೂಪಿಸಿ, ಅದಕ್ಕೆ ಕಲ್ಪರಸ ಎಂದು ಹೆಸರಿಟ್ಟರು. ಅಜ್ಜಂದಿರು ಸುಣ್ಣದಿಂದ ಮಾಡಿದ ಕೆಲಸವನ್ನು ಇವರು ಚಳಿಯಿಂದ ಮಾಡಿದ್ದಾರೆ. ಕಳ್ಳು ಬರೀ ಕುಡಿಯುವುದಕ್ಕೆ ಮಾತ್ರವಾಗಿಯೂ ಇರಲಿಲ್ಲ. ಬೇಳದ ಕಡೆಯ ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ಹಬ್ಬಕ್ಕೆ ಮಾಡುವ ಸನ್ನಣ ಎಂಬ ಹಬೆಯಲ್ಲಿ ಬೇಯಿಸಿದ ಅಕ್ಕಿಯ ತಿಂಡಿಯ ಹಿಟ್ಟು ಉಬ್ಬುವುದಕ್ಕೆ ಕಳ್ಳೇ ಬೇಕಿತ್ತು.

ಹಳೆಯ ಗಡಂಗು ನೋಡಲು ಏನೂ ಇರಲಿಲ್ಲ. ಮುಳಿಹುಲ್ಲಿನ ಇಲ್ಲವೇ ಮಡಲಿನ ಮಾಡು, ಅರ್ಧ ಎತ್ತರದ ಮಣ್ಣಿನ ಗೋಡೆ, ಒಂದು ಉದ್ದ ಬೆಂಚು, ಸಾಲಾಗಿಟ್ಟ ಮಡಕೆಗಳು. ಕುಳಿತವರ ಮುಖ ದಾರಿಗೆ ಕಾಣದಂತೆ ಮಡಲಿನ ತಟ್ಟಿ. ಆ ತಟ್ಟಿಯ ಒಳಗೆ ಊರಿನ ಅರ್ಧ ಸುದ್ದಿ ಹುಟ್ಟುತ್ತಿತ್ತು: ಯಾರ ಎತ್ತು ಮಾರಾಟಕ್ಕಿದೆ, ಯಾವ ಗದ್ದೆಯ ಗೇಣಿ ಏರಿತು, ಯಾವ ಯಕ್ಷಗಾನ ಮೇಳ ಯಾವ ಬಯಲಿಗೆ ಬರುತ್ತದೆ.

ಪ್ರಶ್ನೆ: ನಮ್ಮ ಊರಿನ ಅಂಗಡಿ 1967ರ ಬಳಿಕ ಮತ್ತೆ ತೆರೆದಿತ್ತಂತೆ, ಆದರೆ ಹಳೆಯ ಮನೆಯವರು ಅದರಲ್ಲಿ ಹೆಚ್ಚು ಕಾಲ ಉಳಿಯಲಿಲ್ಲ. ಏಕೆ? — ಮಂಜೇಶ್ವರದ ಓದುಗರು

ಉತ್ತರ: ಕಾರಣ ಒಂದೇ ಆಗಿರಲಾರದು. ಇಪ್ಪತ್ತು ವರ್ಷಗಳಲ್ಲಿ ಮರ ಹತ್ತುವ ಕೈಗಳು ಬೇರೆ ಕಡೆ ಹೋಗಿದ್ದವು. ಮತ್ತೆ ಏಲಂ ಆರಂಭವಾದಾಗ ಕೂಗಿದ ಹಣವನ್ನು ಕೊಡುವ ಶಕ್ತಿ ಹಳೆಯ ಕಸುಬಿನ ಮನೆಗಳಿಗೆ ಇರಲಿಲ್ಲ. ದೊಡ್ಡ ಗುತ್ತಿಗೆದಾರರು ಬಂದರು. ಒಂದು ಒಳ್ಳೆಯ ಬದಲಾವಣೆಯೂ ಆಯಿತು: 1969ರ ಕಾನೂನಿನಿಂದ ಕೇರಳದಲ್ಲಿ ಕಳ್ಳು ಕಾರ್ಮಿಕರಿಗೆ ಕ್ಷೇಮನಿಧಿ ಬಂತು, ಮರ ಹತ್ತುವವನು ಲೆಕ್ಕಕ್ಕೆ ಸಿಗುವ ಕಾರ್ಮಿಕನಾದ. ಹಿಂದೆ ಮರದಿಂದ ಬಿದ್ದವನ ಮನೆಗೆ ಊರಿನ ಕನಿಕರವೇ ಗತಿಯಾಗಿತ್ತು. ಆದರೆ ಅದೇ ಹೊತ್ತಿಗೆ ಅಂಗಡಿ ಮತ್ತು ಮರದ ನಂಟು ಸಡಿಲವಾಯಿತು. ದೂರದಿಂದ ಗಾಡಿಯಲ್ಲಿ ಬಂದ ಕಳ್ಳನ್ನು ಊರಿನ ಅಂಗಡಿಯಲ್ಲಿ ಮಾರತೊಡಗಿದರು. 1996ರ ಏಪ್ರಿಲ್ 1ರಿಂದ ಕೇರಳದಲ್ಲಿ ಸಾರಾಯಿ ನಿಂತಾಗ ಕಳ್ಳಿನ ಅಂಗಡಿ ಉಳಿಯಿತು. ಉಳಿದದ್ದು ಅಂಗಡಿ, ಮನೆತನವಲ್ಲ. ನಿಮ್ಮ ಊರಿನಲ್ಲಿ ಯಾವ ಕಾರಣ ಮುಖ್ಯವಾಯಿತೆಂದು ಹೇಳಬಲ್ಲವರು ಆಗ ಮರ ಹತ್ತಿದವರೇ. ಅವರಲ್ಲಿ ಹಲವರು ಇನ್ನೂ ಇದ್ದಾರೆ. ಕ್ಷೇಮನಿಧಿಯ ಪುಸ್ತಕ ಅವರ ಬಳಿ ಇರುತ್ತದೆ. ಅದನ್ನು ನೋಡಬಹುದೇ ಎಂದು ಕೇಳಿ ಮಾತು ಆರಂಭಿಸಿ.

ಪ್ರಶ್ನೆ: ನಮ್ಮ ಮನೆಯ ಅಡ್ಡೆಗೆ, ಅಂದರೆ ಮಾಡಿನ ತೊಲೆಗೆ, ಸಿಕ್ಕಿಸಿದ ಹಳೆಯ ಮೂರ್ತೆಯ ಕತ್ತಿಯೊಂದಿದೆ. ವರ್ಷಕ್ಕೊಮ್ಮೆ ಆಯುಧ ಪೂಜೆಗೆ ತೆಗೆಯುತ್ತೇವೆ. ಮನೆ ಕೆಡವಿ ಕಟ್ಟುತ್ತಿದ್ದೇವೆ. ಅಣ್ಣ ಅದನ್ನು ಗುಜರಿಗೆ ಹಾಕೋಣ ಎನ್ನುತ್ತಾನೆ. ಏನು ಮಾಡಲಿ? — ಮುಳ್ಳೇರಿಯದ ಓದುಗರು

ಉತ್ತರ: ದಯವಿಟ್ಟು ಗುಜರಿಗೆ ಹಾಕಬೇಡಿ. ಅಣ್ಣನವರಿಗೂ ಈ ಪುಟವನ್ನು ತೋರಿಸಿ. ಮರಳುಕಾಗದದಿಂದ ಉಜ್ಜಿ ಹೊಳಪು ತರಲು ಹೋಗಬೇಡಿ, ಅಲಗಿನ ಸವೆತವೇ ಅದರ ಚರಿತ್ರೆ. ಒಣಬಟ್ಟೆಯಲ್ಲಿ ಧೂಳು ಒರೆಸಿ, ತೆಂಗಿನೆಣ್ಣೆ ತೆಳ್ಳಗೆ ಸವರಿ, ಹತ್ತಿಯ ಬಟ್ಟೆಯಲ್ಲಿ ಸುತ್ತಿಡಿ. ಅದಕ್ಕೆ ಮುಂಚೆ ಹಿಡಿಯನ್ನು ಒಮ್ಮೆ ನಿಮ್ಮ ಕೈಯಲ್ಲಿ ಹಿಡಿದು ನೋಡಿ. ಹೆಬ್ಬೆರಳು ಊರುವ ಜಾಗದಲ್ಲಿ ಮರ ಗುಳಿಬಿದ್ದಿರುತ್ತದೆ. ಎಡಗೈಯವರದ್ದಾದರೆ ಗುಳಿ ಇನ್ನೊಂದು ಬದಿಗೆ ಇರುತ್ತದೆ. ಅಷ್ಟನ್ನು ಗಮನಿಸಿ, ಕತ್ತಿಯನ್ನು ಕೊನೆಯದಾಗಿ ಹಿಡಿದವರು ಯಾರು, ಅವರಿಗೆ ಅದು ಯಾವ ಮಾವನಿಂದ ಬಂತು, ಕೊನೆಯ ಮರ ಯಾವ ತೋಟದ್ದು ಎಂಬುದನ್ನು ಮನೆಯ ಹಿರಿಯರಲ್ಲಿ ಕೇಳಿ, ಕನ್ನಡದಲ್ಲಿ ಒಂದು ಚೀಟಿಯಲ್ಲಿ ಬರೆದು, ತಾರೀಕು ಹಾಕಿ, ಆ ಬಟ್ಟೆಯೊಳಗೆ ಇಡಿ. ಹೊಸ ಮನೆಗೂ ಒಂದು ಅಡ್ಡೆ ಇದ್ದೇ ಇರುತ್ತದೆ.